ಅಜ್ಜಿಯ ಮೂಗು, ದೊರೆಯ ಕನ್ನಡಕ

ಮತ್ತೆ ಜಾರಿತು, ಈಗ ತಾನೇ ಸರಿಮಾಡಿದ್ದು, ಹುಬ್ಬಿನ ಹತ್ತಿರ ಇದ್ದದ್ದು ನೋಡುನೋಡುತ್ತಿದ್ದಂತೆ ಮೂಗಿನ ಏಣು ದಾಟಿ ಇಳಿಯಿತು, ಇನ್ನು ಚೂರು ಇಳಿದರೆ ತುದಿ, ತುದಿಗೆ ಬಂದು ನಿಂತುಬಿಡುತ್ತದೆ, ಬೀಳುವುದಿಲ್ಲ, ಬಿದ್ದರಾದರೂ ಎತ್ತಿ ಜೇಬಿಗೆ ಹಾಕಿಕೊಂಡು ಸುಮ್ಮನಿರಬಹುದಿತ್ತು — ಓಂಕಾರಮೂರ್ತಿ ಮಂಡಿಯ ಮೇಲೆ ಎದ್ದು ತೋರುಬೆರಳಿನಿಂದ ಅಜ್ಜಿಯ ಕನ್ನಡಕವನ್ನು ಮೇಲಕ್ಕೆ ತಳ್ಳಿದ, ಬೆರಳಿಗೆ ಹತ್ತಿದ ವಿಭೂತಿಯನ್ನು ಕರಿಕೋಟಿನ ಅಂಚಿಗೆ ಒರೆಸಿ ಕುಳಿತ, ಅಂಚು ಆಗಲೇ ಬೆಳ್ಳಗಾಗಿದೆ, ಕೋಟು ಅಪ್ಪನದು, ಅಪ್ಪ ನೋಡಿದರೆ ಅದಕ್ಕೂ ಒಂದು ಮಾತು ಇದ್ದೇ ಇದೆ. ಅಜ್ಜಿ ಏನೂ ಅನ್ನಲಿಲ್ಲ. ಅನ್ನುವುದೆಲ್ಲಿಂದ, ನಿನ್ನೆ ಬೆಳಗಿನ ಜಾವವೇ ಕಲ್ಲಮ್ಮ ಶಿವನ ಪಾದ ಸೇರಿದ್ದಾಳೆ, ಈಗ ಮೂಡಿಗೆರೆ ಪೇಟೆಯ ತನ್ನದೇ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ, ಅವರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುವುದು, ಎಡ ಅಂಗೈಯಲ್ಲಿ ಲಿಂಗ, ಬಲಗೈ ತೊಡೆಯ ಮೇಲೆ, ಹಣೆಗೆ ಸುತ್ತಿದ ಬಿಳಿ ಬಟ್ಟೆಯ ಇನ್ನೊಂದು ತುದಿ ಕಿಟಕಿಯ ಸರಳಿಗೆ, ಕೊರಳಿಗೆ ಚೆಂಡುಹೂವಿನ ಹಾರ, ಹಣೆ ಕೆನ್ನೆ ಮೂಗು ಎಲ್ಲಾ ವಿಭೂತಿ — ಅಲ್ಲೇ ಆಗಿದ್ದು ಎಡವಟ್ಟು, ಅಷ್ಟು ನುಣ್ಣಗಿನ ವಿಭೂತಿಯ ಮೇಲೆ ಕನ್ನಡಕ ನಿಲ್ಲುವುದುಂಟೇ. ಕಳಸದಿಂದ ವಿಶಾಲಾಕ್ಷತ್ತೆ ಬರುವವರೆಗೆ ಮಣ್ಣಿಗೆ ಹೊರಡುವಂತಿಲ್ಲ, ಒಬ್ಬಳೇ ಮಗಳು, ತಾಯಿಯ ಮುಖ ನೋಡದೆ ಹೇಗೆ, ಅವಳು ಬರುತ್ತಿರುವುದು ಇದ್ದಿಲು ಬಸ್ಸಿನಲ್ಲಿ, ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಹೋದ ಮೇಲೆ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಹಂಡೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ ಆ ಹೊಗೆಯಲ್ಲಿ ಓಡಿಸುತ್ತಾರೆ, ಓಡಿಸುತ್ತಾರೆ ಅನ್ನುವುದು ದೊಡ್ಡ ಮಾತು, ಏರು ಬಂದರೆ ಜನ ಇಳಿದು ತಳ್ಳುತ್ತಾರೆ, ಇಳಿಜಾರಿನಲ್ಲಿ ಮಾತ್ರ ಅದು ಬಸ್ಸು. ಅಲ್ಲೀತನಕ ನೀನು ಅಜ್ಜಿ ಪಕ್ಕ ಕೂತ್ಕೊ, ಅಂದಿದ್ದ ಅಪ್ಪ ಬೆಳಿಗ್ಗೆ ಬಚ್ಚಲ ಹತ್ತಿರ ಕರೆದು, ದನಿ ತಗ್ಗಿಸಿ, ಕನ್ನಡಕ ನೋಡ್ಕೊ, ಬಂದೋರಿಗೆ ಕೈ ಮುಗಿ, ಇವತ್ತೊಂದು ದಿನ ಆ ಹಲ್ಲು ಒಳಗಿಟ್ಕೊ ಮಾರಾಯ, ನಮ್ಮವ್ವನ ಮುಂದೆ ಇಷ್ಟು ಜನದ ಎದುರಿಗೆ ನೀನೇನಾದ್ರೂ ನಕ್ಕೆ ಅಂದ್ರೆ ಈ ಹೊಸ್ತಿಲು ಮತ್ತೆ ತುಳೀಬೇಡ, ನಂಗೆ ಮಗ ಇಲ್ಲ ಅಂದ್ಕೊತೀನಿ. ಅಪ್ಪ ಪರಮೇಶ್ವರಪ್ಪ ಸುಮ್ಮನೆ ಹೆದರಿಸುವ ಆಸಾಮಿ ಅಲ್ಲ.

ನಗಬಾರದು, ನಗುವುದಿಲ್ಲ, ನಗುವಂಥದ್ದು ಏನಿದೆ ಇಲ್ಲಿ, ಅಜ್ಜಿ ಹೋಗಿದ್ದಾಳೆ, ಸಾಕಿದವಳು ಅವಳು, ಎದೆಯೊಳಗೆ ಏನೋ ಒಣಗಿದ ಕಾಫಿ ಬೀಜದ ಮೂಟೆ ಇಟ್ಟ ಹಾಗಿದೆ, ಆದರೆ ನಿನ್ನೆಯಿಂದ ಕಣ್ಣಿಗೆ ಒಂದು ಹನಿ ನೀರು ಬಂದಿಲ್ಲ, ಅದನ್ನೂ ಊರು ಗಮನಿಸಿದೆ, ಅಡುಗೆಮನೆ ಬಾಗಿಲಿನಿಂದ ಯಾರೋ ಹೆಂಗಸು ಪಿಸುಗುಟ್ಟಿದ್ದು ಕೇಳಿಸಿತು, ಅಷ್ಟು ಮುದ್ದು ಮಾಡಿದ್ರು ಕಣ್ರೀ ಕಲ್ಲಮ್ಮನೋರು, ಹುಡುಗ ನೋಡಿ, ಗೂಟದ ಹಂಗೆ ಕೂತಾನೆ. ಗೂಟವೇ. ಹತ್ತೊಂಬತ್ತು ವರ್ಷಕ್ಕೆ ಬಾಗಿಲ ಚೌಕಟ್ಟಿಗೆ ಹಣೆ ತಾಗುವಷ್ಟು ಬೆಳೆದು, ಬೆಳೆದದ್ದನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ, ಕೂತರೆ ಮಂಡಿ ಕಿವಿಯ ಹತ್ತಿರ ಬರುತ್ತದೆ, ನಿಂತರೆ ಕೈಗಳು ಯಾರದೋ ಕೈಗಳ ಹಾಗೆ ತೂಗಾಡುತ್ತವೆ, ಅಪ್ಪನ ಕೋಟಿನ ತೋಳು ಮೊಣಕೈಯಿಂದ ಸ್ವಲ್ಪವೇ ಮುಂದಕ್ಕೆ ಬಂದು ಸುಸ್ತಾಗಿ ನಿಂತಿದೆ, ಮೈಸೂರಿನಲ್ಲಿ ಇಂಟರ್‌ಮೀಡಿಯೇಟ್ ಪರೀಕ್ಷೆಯಲ್ಲಿ ಮಕಾಡೆ ಮಲಗಿ ಬಂದು ಆಗಲೇ ವರ್ಷ ಆಯಿತು, ಅಂಗಡಿಯಲ್ಲಿ ಕಂಬಳಿ ಅಳೆದುಕೊಡು ಅಂದರೆ ಗಿರಾಕಿಯ ಮುಖ ನೋಡುತ್ತಾ ನಿಲ್ಲುತ್ತಾನೆ, ಕಂಬಳಿ ಕೆಳಗೆ ಬಿದ್ದಿರುತ್ತದೆ. ಮತ್ತೆ ಜಾರಿತು. ತಳ್ಳಿದ. ಭಜನೆಯವರು ದಮ್ಮಡಿ ಬಡಿಯುತ್ತಾ ಹೊಸ ಪದ ಎತ್ತಿಕೊಂಡರು, ರಾತ್ರಿಯಿಡೀ ಹಾಡಿ ಗಂಟಲು ಕಟ್ಟಿದೆ, ಮುಂದಿನ ಸಾಲಿನವನು ಹಾಡುವ ಮುಖ ಮಾಡಿಕೊಂಡೇ ತೂಕಡಿಸುತ್ತಿದ್ದಾನೆ, ಬಾಯಿ ಮಾತ್ರ ಸರಿಯಾದ ಜಾಗದಲ್ಲಿ ತೆರೆದು ಮುಚ್ಚುತ್ತಿದೆ — ನೋಡಬೇಡ, ಅಲ್ಲಿ ನೋಡಬೇಡ, ಕನ್ನಡಕ ನೋಡು.

ಕನ್ನಡಕ ಒಬ್ಬ ದೊರೆಯದು. ಗೋಣಿಬೀಡಿನ ಕಡೆ ತೋಟ ಮಾಡಿಕೊಂಡಿದ್ದ ದೊರೆ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನು ಹರಾಜಿಗೆ ಬಂತು, ಕುರ್ಚಿ, ಪಿಂಗಾಣಿ, ನಾಯಿಯ ಸರಪಳಿ, ಒಂದು ಹುಲಿಯ ತಲೆ, ಪರಮೇಶ್ವರಪ್ಪ ಗಡಿಯಾರ ಇದ್ದೀತು ಅಂತ ಮುಚ್ಚಿದ ಒಂದು ಮರದ ಪೆಟ್ಟಿಗೆಗೆ ಕೂಗಿ ತಂದ, ಬಿಚ್ಚಿದರೆ ಚಿನ್ನದ ಬಣ್ಣದ ಕನ್ನಡಕ ಒಂದು, ಶೂ ಪಾಲಿಷಿನ ಡಬ್ಬಿ, ಮೂರು ಕಾಲುಚೀಲ, ನಾಲ್ಕನೆಯದೂ ಇಲ್ಲ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು, ಎಂಥದದು ಇತ್ಲಾಗ್ ಕೊಡು, ಅಂತ ಇಸಿದುಕೊಂಡು ಕಣ್ಣಿಗೆ ಹಾಕಿ ಮೊರ ನೋಡಿದಳು, ಅಯ್ಯಯ್ಯೋ ಶಿವನೇ, ಇಷ್ಟು ಕಲ್ಲು ತಿಂತಾ ಇದ್ವೇನೋ ನಾವು ಇಲ್ಲೀತನಕ! ಅಂದಿನಿಂದ ಮಲಗುವಾಗ ಬಿಟ್ಟರೆ ಅದು ಅವಳ ಮೂಗು ಬಿಟ್ಟು ಇಳಿಯಲಿಲ್ಲ, ಇಳಿಯಲಿಲ್ಲ ಅನ್ನುವುದೂ ತಪ್ಪು, ಇಳಿಯುತ್ತಲೇ ಇತ್ತು, ದೊರೆಯ ಮೂಗು ಹೇಗಿತ್ತೋ ದೇವರಿಗೇ ಗೊತ್ತು, ಅಜ್ಜಿಯದು ಹುಣಸೆಬೀಜ. ಹತ್ತಿರದ್ದೆಲ್ಲ ಕಂಡಿತು, ದೂರದ್ದೆಲ್ಲ ಹೋಯಿತು, ಬಾಗಿಲಲ್ಲಿ ನಿಂತ ಸ್ವಂತ ಮಗನನ್ನು ಯಾರಪ್ಪಾ ಅದು, ಕಂಬಳಿಗಾದ್ರೆ ಅಂಗಡಿಗೆ ಹೋಗಿ, ಅನ್ನುತ್ತಿದ್ದಳು. ಇವತ್ತು ಬೆಳಿಗ್ಗೆ ಸ್ನಾನ ಮಾಡಿಸಿ ಮತ್ತೆ ಕೂರಿಸಿದಾಗ ಅವ್ವ ಸೆರಗಲ್ಲಿ ಒರೆಸಿ ಅದನ್ನು ತಂದಳು, ಮಠದ ರೇವಣ್ಣಯ್ಯನವರು, ಮೂರು ತಲೆಮಾರಿನಿಂದ ಈ ಮನೆಯ ಒಳ್ಳೆಯದು ಕೆಟ್ಟದ್ದು ಎಲ್ಲಾ ಅವರದೇ ಕೈಯಲ್ಲಿ, ಕೈಲಾಸಕ್ಕೆ ಕನ್ನಡಕ ಯಾಕಮ್ಮ ತಾಯಿ, ಅಲ್ಲೆಲ್ಲ ಬೆಳಕೇ, ಅಂದರು, ಅವ್ವ ಬಿಡಲಿಲ್ಲ, ಬೆಳಕಿದ್ದು ಏನ್ ಮಾಡೋದು ಅಯ್ನೋರೇ, ಅತ್ತೇರಿಗೆ ಕಾಣ್ಬೇಕಲ್ಲ. ಅಪ್ಪ, ಹಾಕಿ, ಕನ್ನಡಕ ಇಲ್ಲದಿದ್ರೆ ಯಾರೋ ಬೇರೆಯೋರು ಕೂತ ಹಂಗೆ ಕಾಣುತ್ತೆ, ಅಂದ, ಅನ್ನುವಾಗ ದನಿ ಒಡೆಯಿತು. ಓಂಕಾರನಿಗೆ ಅದೇ ಹೊತ್ತಿಗೆ ತಲೆಯೊಳಗೆ — ಹಾಕಿಕೊಂಡು ಹೋದರೇ ಕಷ್ಟ, ದೂರದಿಂದ ಬರುವ ಶಿವನನ್ನು ನೋಡಿ ಯಾರಪ್ಪಾ ಅದು, ಕಂಬಳಿಗಾದ್ರೆ ಅಂಗಡಿಗೆ ಹೋಗಿ, ಅಂದುಬಿಟ್ಟರೆ? ಅವನು ತಟ್ಟನೆ ಅಜ್ಜಿಯ ಕಡೆ ತಿರುಗಿದ, ರೂಢಿ, ಬಲಗೈ ತೊಡೆಯ ಮೇಲಿತ್ತು, ಅವನು ಮುಖ ತಗ್ಗಿಸಿದ.

ಆ ಬಲಗೈ. ಈ ಮನೆಯಲ್ಲಿ ಹೆಂಗಸರು ಗಂಡಸರ ಎದುರಿಗೆ ನಗುವಂತಿರಲಿಲ್ಲ, ಗಂಡಸರು ಯಾರ ಎದುರಿಗೂ ನಗುತ್ತಿರಲಿಲ್ಲ, ತಾತ ಕಟ್ಟಿಟ್ಟು ಹೋದ ಗಾಂಭೀರ್ಯ, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಊಟದ ಮಣೆಯವರೆಗೆ ಒಂದೇ ಮುಖ, ಆದರೆ ಅಜ್ಜಿ ಒಂದು ದಾರಿ ಹುಡುಕಿಕೊಂಡಿದ್ದಳು, ಅದು ಗೊತ್ತಿದ್ದದ್ದು ಅವನೊಬ್ಬನಿಗೆ. ಎಂಟೋ ಒಂಬತ್ತೋ ವರ್ಷ ಆಗ, ಅವಳ ಮೊರದ ಎದುರಿಗೆ ಕೂತು, ಅಪ್ಪ ಮಳೆಗಾಲದ ಮುಂಚೆ ತೋಟದ ಆಳುಗಳಿಗೆ ಕಂಬಳಿ ಮಾರುವುದನ್ನು ಮಾಡಿ ತೋರಿಸಿದ್ದ, ಹೊಟ್ಟೆ ಮುಂದೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಈ ಕಂಬಳಿ ಹೊದ್ಕೊಂಡ್ರೆ ಮಳೆ ಬಂದಿದ್ದೂ ಗೊತ್ತಾಗಲ್ಲ, ನಿಂತಿದ್ದೂ ಗೊತ್ತಾಗಲ್ಲ, ನೀವು ಒಳಗಿದ್ದೀರೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಅಜ್ಜಿಯ ಮುಖದಲ್ಲಿ ಏನೂ ಇಲ್ಲ. ಒಂದು ಕಲ್ಲು ಆರಿಸಿದಳು, ಎಸೆದಳು, ಇನ್ನೊಂದು ಆರಿಸಿದಳು, ಎಸೆದಳು, ಆಯಿತು, ಹಿಡಿಸಲಿಲ್ಲ ಅಂದುಕೊಂಡು ಅವನು ಏಳುವಷ್ಟರಲ್ಲಿ ಬಲಗೈ ಮೇಲೆ ಬಂತು, ಮಡಚಿದ ತೋರುಬೆರಳಿನ ಗೆಣ್ಣು ಕನ್ನಡಕದ ನಡುವಿಗೆ ತಾಗಿತು, ಮೆಲ್ಲಗೆ ಮೇಲಕ್ಕೆ ತಳ್ಳಿತು, ತಳ್ಳುವ ಆ ಕೈಯ ಮರೆಯಲ್ಲಿ ತುಟಿ ಅಲುಗಿತು, ಸುಮ್ನಿರೋ ಮಂಗ. ಅವತ್ತಿನಿಂದ ಅವನ ಬಾಳಿನ ಸೋಲು ಗೆಲುವು ಎಲ್ಲಾ ಆ ಗೆಣ್ಣಿನಲ್ಲಿತ್ತು. ಶಾಲೆಯ ಮಾಸ್ತರು, ಅಂಚೆಯವನು, ಮೇಸ್ತ್ರಿ, ಯಾರನ್ನೇ ಆಡಿ ತೋರಿಸಲಿ, ಆಡಿ ಮುಗಿಸಿ ಕಾಯಬೇಕು, ಅಜ್ಜಿಗೆ ಯಾವಾಗಲೂ ಸ್ವಲ್ಪ ತಡ, ಕಲ್ಲು ಆರಿಸಿ ಎಸೆಯುವಷ್ಟು ತಡ, ಆಮೇಲೆ ಕೈ ಬಂದರೆ ಬಂತು, ಬರದಿದ್ದರೆ ಅದು ನಗುವ ಮಾತಲ್ಲ, ಎಷ್ಟು ಜನ ಬಿದ್ದು ಬಿದ್ದು ನಕ್ಕಿದ್ದರೂ ಅಲ್ಲ.

ಒಂದೇ ಒಂದು ಸಲ ಅವಳು ಕಲ್ಲು ಆರಿಸುವಷ್ಟು ಕಾಯದೆ ತಳ್ಳಿದ್ದು ಪಾದಪೂಜೆಯ ದಿನ. ಇದೇ ಪಡಸಾಲೆ, ಇದೇ ರೇವಣ್ಣಯ್ಯನವರು, ಮಣೆಯ ಮೇಲೆ ಗುಡ್ಡದ ಹಾಗೆ ಕೂತಿದ್ದಾರೆ, ಓಂಕಾರ ತಟ್ಟೆಯಲ್ಲಿಟ್ಟ ಅವರ ಪಾದಕ್ಕೆ ನೀರು ಹಾಕಿ ತೊಳೆಯಬೇಕು, ಅಂಗಾಲಿಗೆ ಕೈ ತಾಗಿದ್ದೇ ತಡ ಆ ದಪ್ಪ ಹೆಬ್ಬೆರಳು ಪಟಕ್ಕನೆ ಮೇಲಕ್ಕೆದ್ದಿತು, ಇಳಿಯಿತು, ಮಂತ್ರ ಒಂದು ಕ್ಷಣ ಎಡವಿತು. ಅವನಿಗೆ ನಂಬಲಿಕ್ಕೇ ಆಗಲಿಲ್ಲ, ಅಯ್ನೋರಿಗೆ ಕಚಗುಳಿ! ಊರಿಗೆ ಊರೇ ಅಡ್ಡ ಬೀಳುವ ಪಾದಕ್ಕೆ ಕಚಗುಳಿ! ಇನ್ನೊಂದು ಸಲ ನೋಡೋಣ ಅಂತ, ಬರೀ ಗೊತ್ತುಮಾಡಿಕೊಳ್ಳಲಿಕ್ಕೆ, ಅಂಗಾಲ ನಡುವೆ ಬೆರಳು ಎಳೆದ, ನಮಃ ಶಿವಾಯ ಹೋಗಿ ಹೂಹೂಹೂ ಅಂತ ಬಂತು, ಗುಡ್ಡ ಅಲುಗಿತು, ತಟ್ಟೆ ಮಗುಚಿ ನೀರೆಲ್ಲ ಅಪ್ಪನ ಮಡಿಪಂಚೆಗೆ, ಆಮೇಲೆ ಏನಾಯಿತೆಂದು ಅವನ ಬೆನ್ನಿಗೇ ಹೆಚ್ಚು ನೆನಪಿದೆ. ಆದರೆ ಹೊಡೆತದ ನಡುವೆ ತಿರುಗಿ ನೋಡಿದಾಗ ಅಡುಗೆಮನೆ ಬಾಗಿಲಲ್ಲಿ ಅಜ್ಜಿ, ಗೆಣ್ಣು ಎಷ್ಟು ಜೋರಾಗಿ ತಳ್ಳಿತ್ತೆಂದರೆ ಕನ್ನಡಕ ಹಣೆಗೆ ಹತ್ತಿತ್ತು. ಅಪ್ಪ ಹೊಡೆದದ್ದು ಉರಿಯಲೇ ಇಲ್ಲ. ಜಾರಿತು, ತಳ್ಳಿದ, ಬೆರಳು ಒರೆಸಿದ. ಎದುರು ಗೋಡೆಗೆ ಕೂತಿರುವವರು ಯಾರು, ಬಿಳಿ ಪೇಟ, ದಪ್ಪ ಮೀಸೆ — ಗೋಣಿಬೀಡಿನ ಮಲ್ಲಿಕಾರ್ಜುನಪ್ಪ, ಅಯ್ಯೋ, ಅವರೂ ಬಂದುಬಿಟ್ಟಿದ್ದಾರೆ, ಯಾವಾಗ ಬಂದರು, ಅವನನ್ನೇ ನೋಡುತ್ತಿದ್ದಾರೆ, ಕೈ ಮುಗಿ, ಮುಗಿದ, ಅವರು ಮುಗಿಯಲಿಲ್ಲ, ಮೀಸೆ ಮಾತ್ರ ಒಂದು ಸುತ್ತು ತಿರುವಿಕೊಂಡರು.

ಹೋದ ದೀಪಾವಳಿ ಮುಗಿದ ಮೇಲೆ ಅವರ ಮಗಳು ಪ್ರೇಮಕುಮಾರಿಯನ್ನು ನೋಡಲು ಹೋಗಿದ್ದು, ಇದೇ ಕೋಟು, ಇದೇ ತೋಳು, ಹಿರಿಯರನ್ನೆಲ್ಲ ಅವರ ತೂಗುಮಂಚದ ಮೇಲೆ ಸಾಲಾಗಿ ಕೂರಿಸಿದರು, ಅಪ್ಪ, ಸೋದರಮಾವ, ಬೀಗರಾಗಬೇಕಾದ ಮಲ್ಲಿಕಾರ್ಜುನಪ್ಪ, ಇನ್ನೂ ಯಾರೋ ಭಾರೀ ಮನುಷ್ಯರು, ಅವನನ್ನು ಎದುರಿನ ಕುರ್ಚಿಯ ಮೇಲೆ, ತಮ್ಮದೇ ತೋಟದ ಕಾಫಿ, ಬಿಸಿ ಅಂದರೆ ಬಿಸಿ, ಎಲ್ಲರಿಗೂ ಬಸಿಯಲ್ಲಿ, ಹುಡುಗಿ ಬಂದು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಳು. ಯಾರೋ ಒಬ್ಬರ ಕಾಲು ನೆಲಕ್ಕೆ ತಾಗಿತು, ಮಂಚ ಹೊರಟಿತು. ಮುಂದೆ ಹೋದಾಗ ಎಲ್ಲಾ ಹಿರಿಯರೂ ಒಟ್ಟಿಗೆ ಹಿಂದಕ್ಕೆ ವಾಲುವುದು, ಹಿಂದೆ ಹೋದಾಗ ಒಟ್ಟಿಗೆ ಮುಂದಕ್ಕೆ ಬಗ್ಗುವುದು, ಬಸಿಯೊಳಗಿನ ಕಾಫಿ ಮಾತ್ರ ಅದರ ಪಾಡಿಗೆ ಅದು, ಬಾಯಿ ಇದ್ದ ಕಡೆ ಬಸಿ ಇಲ್ಲ, ಬಸಿ ಇದ್ದ ಕಡೆ ಬಾಯಿ ಇಲ್ಲ, ಮುಖದಲ್ಲಿ ಮಾತ್ರ ಎಂಥಾ ಗಾಂಭೀರ್ಯ, ಮಂಚ ನಿಲ್ಲಿಸಿ ಅನ್ನಲು ಯಾರಿಗೂ ಬಾಯಿಲ್ಲ, ಮರ್ಯಾದೆ ನೋಡಿ, ಅಪ್ಪ ತೂಗುತ್ತಲೇ ಕೇಳಿದ, ಹುಡುಗಿ ಹಾಡ್ತಾಳಾ. ಓಂಕಾರ ನಾಲಿಗೆ ಕಚ್ಚಿಕೊಂಡು ನೆಲ ನೋಡಿದ, ನೆಲ ನೋಡುವಾಗ ಹುಡುಗಿಯ ಮುಖ ಕಂಡಿತು, ಅವಳು ಕೂಡ ಓರೆಗಣ್ಣಲ್ಲಿ ಮಂಚವನ್ನೇ ನೋಡುತ್ತಿದ್ದಾಳೆ, ಕೆಳದುಟಿ ಹಲ್ಲಿನ ಕೆಳಗೆ ಬಿಳಿಚಿಹೋಗಿದೆ — ಅಷ್ಟೇ ಸಾಕಾಯಿತು, ಬಾಯಿಯಲ್ಲಿದ್ದ ಕಾಫಿಯೆಲ್ಲ ತೂಗಿ ಬರುತ್ತಿದ್ದ ಮಲ್ಲಿಕಾರ್ಜುನಪ್ಪನವರ ಬಿಳಿ ಅಂಗಿಗೆ. ಹುಡುಗಿ ಮುಖ ನೋಡಿ ಹುಡುಗ ನಕ್ಕುಬಿಟ್ಟ ಅಂತ ಗೋಣಿಬೀಡಿನಿಂದ ಹೊರನಾಡಿನವರೆಗೆ ಸುದ್ದಿಯಾಯಿತು, ಅವಳ ಮುಖ ನೋಡಿ ಅಲ್ಲ, ಅವಳ ಜೊತೆ, ಅದನ್ನು ಯಾರಿಗೆ ಹೇಳುವುದು, ಹೇಳಿದ್ದು ಅಜ್ಜಿಗೆ ಒಬ್ಬಳಿಗೆ, ಮಣೆಯ ಮೇಲೆ ಕೂತು ತೂಗಿ ತೋರಿಸಿ. ಗೆಣ್ಣು ಎರಡು ಸಲ ಬಂತು. ಆಮೇಲೆ ಅಜ್ಜಿ, ಆ ಹುಡುಗೀನೇ ಆಗ್ಬೇಕಿತ್ತು ಕಣೋ ನಿಂಗೆ, ಅಂದಳು.

ಬಸ್ಸು ಬಣಕಲ್ ದಾಟ್ತಂತೆ, ಅಂತ ಬಾಗಿಲಲ್ಲಿ ಕೆಂಪಯ್ಯನ ದನಿ, ಅಂಗಡಿಯ ಗಾಡಿ ಹೊಡೆಯುವ ಕೆಂಪಯ್ಯನನ್ನು ಅಪ್ಪ ರಸ್ತೆ ಕಾಯಲು ನಿಲ್ಲಿಸಿದ್ದ, ದಾಟಿ ನಿಂತದೆ ಅಪ್ಪಾರೆ, ಇದ್ದಿಲು ಹಾಕಿ ಬೀಸ್ತಾ ಅವ್ರಂತೆ. ಭಜನೆಯವರು ಮುಗಿಸಬೇಕೆಂದಿದ್ದ ಪದವನ್ನು ಮತ್ತೆ ಮೊದಲಿಂದ ಹಿಡಿದರು. ಇದ್ದಿಲು ಬಸ್ಸು, ಅದನ್ನೇ ಅಲ್ಲವೇ ಅವನು ಬರೆಯುತ್ತಿದ್ದದ್ದು, ಬರೆಯುವುದು ಅಂದರೆ, ಮೊದಲು ಬರೆದದ್ದು ನಾಡಹಬ್ಬಕ್ಕೆ ಶಾಲೆಯಲ್ಲಿ ಆಡುವ ನಗೆನಾಟಕ, ಒಂದು ಮಾತಿಗೂ ಯಾರೂ ನಗಲಿಲ್ಲ, ಕೊನೆಯಲ್ಲಿ ನ್ಯಾಯಾಧೀಶನ ಗಡ್ಡ ಕಳಚಿ ದೀಪದ ಮೇಲೆ ಬಿದ್ದು ಉರಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಗಡ್ಡವನ್ನು ಅವನು ಬರೆದಿರಲಿಲ್ಲ, ಮನೆಗೆ ಬಂದು ಹೊದ್ದು ಮಲಗಿದ, ಅಜ್ಜಿ ಬಂದು ಕಾಲಬುಡದಲ್ಲಿ ಕೂತು, ಜನ ಬಿಡು, ನಂಗೆ ಓದು, ಅಂದಳು, ಅವಳಿಗೆ ಓದು ಬಾರದು, ಅವಳಿಗಿಂತ ದೊಡ್ಡ ಪರೀಕ್ಷೆ ಮೈಸೂರಿನಲ್ಲೂ ಇರಲಿಲ್ಲ, ಓದಿದ, ಕೈ ಬರಲಿಲ್ಲ, ನೀನು ನಗ್ಸಕ್ಕೆ ಹೊರಟಿದ್ದಿ, ಅದ್ಕೆ ನಗು ಬರಲ್ಲ, ಕಂಡಿದ್ದು ಹೇಳೋ, ಅಂದಳು. ಕಂಡದ್ದನ್ನು ಬರೆದ. ಇದ್ದಿಲು ಬಸ್ಸಿನ ಒಂದು ಪ್ರಯಾಣ, ಕೊಟ್ಟಿಗೆಹಾರದ ಏರಿನಲ್ಲಿ ಬಸ್ಸು ತಳ್ಳುವ ಜನ, ತಳ್ಳುವಾಗ ಯಾರು ಮುಂದೆ ಯಾರು ಹಿಂದೆ ಎಂದು ಮರ್ಯಾದೆ ನೋಡುವ ಗೌಡರು, ಟಿಕೆಟ್ಟಿಗೆ ಕೊಟ್ಟ ಕಾಸು ಕೂರುವುದಕ್ಕೋ ತಳ್ಳುವುದಕ್ಕೋ ಎಂದು ಕಂಡಕ್ಟರನ ಜೊತೆ ವಾದ, ಮೊನ್ನೆ ಸಂಜೆ ಅರ್ಧ ಓದಿದ, ಗೆಣ್ಣು ಮೂರು ಸಲ ಬಂತು, ಮೂರು ಸಲ, ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ, ಅಜ್ಜಿ ಆಕಳಿಸಿ ಕನ್ನಡಕ ತೆಗೆದು ಮಡಚಿಟ್ಟು ಅಂದಳು, ಉಳಿದಿದ್ದು ನಾಳೆ ಓದು ಕಂದ, ಕಣ್ಣು ಕೂರ್ತವೆ. ಬಸ್ಸು ಇನ್ನೂ ಏರಿನಲ್ಲೇ ಇತ್ತು. ಆ ನಾಳೆ ಅಂದರೆ ನಿನ್ನೆ.

ದೂರದಲ್ಲಿ ಹಾರನ್ನು, ಆಮೇಲೆ ಹುಡುಗರು ಓಡುವ ಸದ್ದು, ಬಂತು ಬಂತು, ಆಮೇಲೆ ಹೊಗೆಯ ವಾಸನೆ ಮನುಷ್ಯರಿಗಿಂತ ಮುಂಚೆ ಒಳಗೆ ಬಂತು, ಹೆಂಗಸರ ಅಳು ಒಮ್ಮೆಲೆ ಎದ್ದಿತು, ಬಾಗಿಲಲ್ಲಿ ವಿಶಾಲಾಕ್ಷತ್ತೆ — ಶಿವನೇ, ಬಾಗಿಲಲ್ಲಿ ನಿಂತಿರುವುದು ಅತ್ತೆಯೋ ಒಲೆ ಬೂದಿ ಬಳಿಯುವವಳೋ, ಹಂಡೆಯ ಪಕ್ಕದ ಸೀಟು ಸಿಕ್ಕಿರಬೇಕು, ಹಣೆಯಿಂದ ಕೊರಳವರೆಗೆ ಮಸಿ, ಅತ್ತು ಅತ್ತು ಕೆನ್ನೆಯ ಮೇಲೆ ಎರಡು ಬಿಳಿ ಕಾಲುವೆ, ಅವ್ವಾ, ನನ್ನ ಬಿಟ್ಟು ಹೋದ್ಯಾ ಅವ್ವಾ, ಎನ್ನುತ್ತಾ ಓಡಿಬಂದು ಮೊದಲು ಓಂಕಾರನ ಅವ್ವನನ್ನು ತಬ್ಬಿದಳು, ಬಿಟ್ಟಾಗ ಅವ್ವನ ಅರ್ಧ ಮುಖ ಕಪ್ಪು, ಅಪ್ಪನನ್ನು ತಬ್ಬಿದಳು, ಅಪ್ಪನಿಗೆ ಒಂದು ಮೀಸೆ ಹೆಚ್ಚಾಯಿತು. ಓಂಕಾರ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಒತ್ತಿದ, ರಕ್ತದ ರುಚಿ, ನೋಡಬೇಡ, ಅಪ್ಪನ ಮೀಸೆ ನೋಡಬೇಡ, ಹೊಸ್ತಿಲು, ಹೊಸ್ತಿಲು ನೆನಪಿಟ್ಟುಕೋ, ಅತ್ತೆ ತಾಯಿಯ ಎದುರಿಗೆ ಕುಸಿದು ಕೂತಳು, ಅವ್ವನ್ನ ನೋಡ್ರೋ, ಕೂತು ಅಕ್ಕಿ ಆರ್ಸೋ ಹಂಗೇ ಅವ್ಳಲ್ಲೋ, ಅಂದಳು, ಅದು ನಿಜ, ಎಷ್ಟು ನಿಜವೆಂದರೆ ನಗು ಎದೆಯಲ್ಲೇ ಸತ್ತುಹೋಯಿತು, ಗೆದ್ದೆ ಅಂದುಕೊಂಡ, ಇಷ್ಟು ದಾಟಿದ ಮೇಲೆ ಇನ್ನೇನು, ಸುಲಭ, ಕನ್ನಡಕ ತಳ್ಳಿದ.

ಇನ್ನು ತಡ ಬೇಡ, ಬಿಸಿಲೇರ್ತಾ ಅದೆ, ಅಂತ ರೇವಣ್ಣಯ್ಯನವರು ಎದ್ದರು, ಭಜನೆ ನಿಂತಿತು, ಹೊರಡುವ ಮುಂಚಿನ ಶಾಸ್ತ್ರ, ಗುರುವಿನ ಬಲಪಾದವನ್ನು ಹೋದವರ ತಲೆಯ ಮೇಲೆ ಇಡಬೇಕು, ಅದಾದರೆ ದಾರಿ ಸುಗಮ, ಓಂಕಾರನಿಗೆ ಇದು ನೆನಪೇ ಇರಲಿಲ್ಲ, ಯಾಕೆ ನೆನಪಿರಲಿಲ್ಲ, ಅಜ್ಜಿಯ ತಲೆ ಅವನ ಕಣ್ಣಿನಿಂದ ಒಂದು ಗೇಣು, ಅವ್ವ ಬೆಳಿಗ್ಗೆ ಸೀಗೆಕಾಯಿ ಹಾಕಿ ತಿಕ್ಕಿ ತೊಳೆದಿದ್ದಾಳೆ, ಒಣಗಿದ ಬಿಳಿಕೂದಲು ಒಂದೊಂದೂ ತೆಂಗಿನ ನಾರಿನ ಹಾಗೆ ನೆಟ್ಟಗೆ ಎದ್ದು ನಿಂತಿದೆ, ಬೇಡ, ಬೇಡ ಅಯ್ನೋರೇ, ಅಲ್ಲೊಂದು ಬಟ್ಟೆಯಾದರೂ ಹಾಕಿ. ಇಬ್ಬರು ತೋಳು ಹಿಡಿದುಕೊಂಡರು, ಗುಡ್ಡ ಒಂಟಿಕಾಲಲ್ಲಿ ನಿಂತಿತು, ಓಂ ನಮಃ ಶಿವಾಯ, ಪಾದ ಇಳಿಯಿತು, ಕೂದಲಿಗೆ ತಾಗಿತು, ಆ ದಪ್ಪ ಹೆಬ್ಬೆರಳು ಪಟಕ್ಕನೆ ಮೇಲಕ್ಕೆದ್ದಿತು. ಇಳಿಯಿತು. ಮತ್ತೆ ಎದ್ದಿತು. ಓಂಕಾರ ತಲೆಯೆತ್ತಬಾರದಿತ್ತು, ಎತ್ತಿದ, ಮೇಲೆ ಅಯ್ನೋರ ಕಣ್ಣು ಅವನ ಕಣ್ಣಿಗೇ ಕಾಯುತ್ತಿತ್ತು, ಇಷ್ಟು ಜನರಲ್ಲಿ ತನ್ನ ಗುಟ್ಟು ಬಲ್ಲವನು ಅವನೊಬ್ಬ, ಆ ಕಣ್ಣು ಬೇಡುತ್ತಿತ್ತು, ಬೇಡ ಮಗ, ಬೇಡ ನನ್ನಪ್ಪ, ಗಲ್ಲ ನಡುಗುತ್ತಿತ್ತು, ನಮಃ ಅನ್ನುವುದು ಏರಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಹಾಗೆ ನಮ್ನಮ್ನಮ್ ಎಂದು ಅಲ್ಲೇ ನಿಂತಿತು, ಶಿವಾಯದ ಬದಲು ಹೂ ಅಂತ ಒಂದು ಚೂರು, ಚೂರೇ ಚೂರು ಹೊರಗೆ ಬಂತು, ಅಯ್ನೋರು ಅದನ್ನು ಕೆಮ್ಮಾಗಿ ಮಾಡಿದರು. ಮುಗಿಯಿತು. ಓಂಕಾರ ಮುಖವನ್ನು ಮಂಡಿಗಳ ನಡುವೆ ತುರುಕಿದ, ಕೋಟಿನ ತೋಳು ಬಾಯಿಗೆ ತುರುಕಲು ಸಾಲದೆ ಸ್ವಂತ ತೋಳನ್ನೇ ಕಚ್ಚಿದ, ಹೆಗಲು ಅಲುಗತೊಡಗಿತು, ಬೆನ್ನು ಅಲುಗತೊಡಗಿತು, ಹೋಯಿತು ಹೊಸ್ತಿಲು, ಹೋಯಿತು ಅಪ್ಪ, ಎಲ್ಲಾ ಹೋಯಿತು, ನಿಲ್ಲುವುದಿಲ್ಲ ಇದು — ಅಯ್ಯೋ ಪಾಪ, ಅಂದಿತು ಅಡುಗೆಮನೆ ಬಾಗಿಲಿನ ಹೆಂಗಸಿನ ದನಿ, ಈಗ ಒಡೀತು ನೋಡ್ರೀ ಹುಡುಗಂಗೆ ದುಃಖ, ಎಷ್ಟು ಹೊತ್ತಂತ ತಡ್ಕೊಂಡಿದ್ನೋ. ಯಾರೋ ಬಂದು ಬೆನ್ನ ಮೇಲೆ ದೊಡ್ಡ ಕೈ ಇಟ್ಟರು, ಅಳು ಮಗ, ಅತ್ತುಬಿಡು, ಮಲ್ಲಿಕಾರ್ಜುನಪ್ಪನವರ ದನಿ, ಪರಮೇಶ್ವರಪ್ಪನೋರೇ, ನಾವು ಹುಡುಗನ್ನ ತಪ್ಪು ತಿಳ್ಕೊಂಡ್ವಿ ಕಣ್ರೀ, ಮನಸ್ಸು ಎಷ್ಟು ಮೆತ್ತಗೆ ನೋಡಿ, ಕಾರ್ಯ ಎಲ್ಲಾ ಮುಗೀಲಿ, ಆ ವಿಚಾರ ಮತ್ತೆ ಮಾತಾಡಾಣ — ಇದಂತೂ ತಡೆಯಲಾರದ್ದಾಯಿತು, ಅವನು ಉಂಡೆಯಾಗಿ ಸುತ್ತಿಕೊಂಡು ಹಕಹಕ ಎನ್ನುತ್ತಿದ್ದ, ಅಷ್ಟರಲ್ಲಿ ತಲೆಯ ಮೇಲೆ ಇನ್ನೊಂದು ಕೈ, ಹಗುರಾಗಿ, ಎಲ್ಲಿ ಇಡಬೇಕೆಂದು ಗೊತ್ತಿಲ್ಲದ ಹಾಗೆ, ಅಪ್ಪನ ಕೈ, ಅಪ್ಪ ಹೋದ್ಮೇಲೆ ನಂಗೂ ಇದ್ದಿದ್ದು ಅವ್ವ ಒಬ್ಬಳೇ ಕಣೋ, ಅಂದ ಅಪ್ಪ.

ಎಂಥಾ ಪ್ರಸಂಗ ಅಜ್ಜಿ, ಕಂಡೆಯಾ, ಇದರ ಮುಂದೆ ನನ್ನ ಬಸ್ಸು ಯಾವ ಮೂಲೆಗೆ, ಒಂದು ಮಾತೂ ಬರೆಯಬೇಕಾಗಿಲ್ಲ, ಎಲ್ಲಾ ತಾನಾಗಿಯೇ ಆಯಿತು, ನಿನ್ನ ತಲೆಯ ಮೇಲೆಯೇ ಆಯಿತು, ಬಸ್ಸೂ ಏರು ಹತ್ತಿ ಬಂತು ನೋಡು, ಉಳಿದ ಅರ್ಧವೂ ಸಿಕ್ಕಿತು — ನಗುವಿನ ನೀರು ಕಣ್ಣಲ್ಲಿ ತುಂಬಿಕೊಂಡೇ ಅವನು ಮುಖವೆತ್ತಿ ಅವಳ ಕಡೆ ತಿರುಗಿದ, ಹತ್ತು ವರ್ಷದಿಂದ, ಹನ್ನೊಂದು ವರ್ಷದಿಂದ, ಪ್ರತಿ ಸಲ ತಿರುಗುವ ಹಾಗೆ. ಪಾದ ತಗುಲಿದ್ದಕ್ಕೆ ತಲೆ ಸ್ವಲ್ಪ ವಾಲಿದೆ, ಕನ್ನಡಕ ಜಾರಿ ಮೂಗಿನ ತುದಿಗೆ ಬಂದು ನಿಂತಿದೆ. ಕಾಯಬೇಕು. ಅಜ್ಜಿಗೆ ಯಾವಾಗಲೂ ಸ್ವಲ್ಪ ತಡ, ಒಂದು ಕಲ್ಲು ಆರಿಸಿ ಎಸೆಯುವಷ್ಟು, ಇನ್ನೊಂದು ಕಲ್ಲು ಆರಿಸಿ ಎಸೆಯುವಷ್ಟು, ಈಗ ಬರುತ್ತದೆ, ಬಲಗೈ ತೊಡೆಯ ಮೇಲಿದೆ, ಬೆರಳು ಮಡಚಿಯೇ ಇದೆ, ಈಗ. ಕನ್ನಡಕ ಸರಿಮಾಡೋ, ಅಂದ ಅಪ್ಪ ಮೆಲ್ಲಗೆ. ಅವನು ಕೈ ಎತ್ತಲಿಲ್ಲ. ಕನ್ನಡಕ ಮೂಗಿನ ತುದಿಯಲ್ಲಿ. ಬಲಗೈ ತೊಡೆಯ ಮೇಲೆ. ಕನ್ನಡಕ ಮೂಗಿನ ತುದಿಯಲ್ಲಿ.